ಒಮ್ಮೆ ಅಗೆದ ಮಣ್ಣು

ರಾಬರ್ಟ್ ಸಿಬ್ಬಾಲ್ಡ್ ಎಡಿನ್‌ಬರೋದ ವೈದ್ಯರು. ಔಷಧಿಯ ಗಿಡ, ದಡಕ್ಕೆ ಬಂದು ಬಿದ್ದ ತಿಮಿಂಗಿಲ, ಹಳೆಯ ಕಲ್ಲು, ಯಾವುದನ್ನೂ ಬಿಡದೆ ನೋಡಿ ಬರೆದಿಡುವ ಸ್ವಭಾವ ಅವರದು. ಗ್ಲಾಸ್ಗೋ ನಗರದ ವಾಯವ್ಯಕ್ಕೆ, ಡನ್‌ಟಾಕರ್ ಊರಿನ ಹತ್ತಿರ, ಕಾರ್ಲೀತ್ ಎಂಬ ಹೊಲಮನೆಯ ಆಸುಪಾಸಿನಲ್ಲಿ ರೋಮನ್ನರ ಪುಟ್ಟ ಕೋಟೆಯೊಂದನ್ನು ಕಂಡೆನೆಂದು 1707ರಲ್ಲಿ ಅವರು ಬರೆದರು. ಆಮೇಲೆ ಆ ಕೋಟೆ ಯಾರ ಕಣ್ಣಿಗೂ ಬೀಳಲಿಲ್ಲ. 1970 ಮತ್ತು 80ರ ದಶಕಗಳಲ್ಲಿ ಅಗೆದು ಹುಡುಕಿದವರಿಗೂ ಅದು ಸಿಗಲಿಲ್ಲ. ಸಿಬ್ಬಾಲ್ಡ್ ನೋಡಿದ್ದೇನೋ ನಿಜವಿರಬಹುದು, ಈಗ ಅಲ್ಲಿ ಏನೂ ಉಳಿದಿಲ್ಲ ಎನ್ನುವಷ್ಟಕ್ಕೆ ಮಾತು ನಿಂತಿತ್ತು. 2023ರಲ್ಲಿ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಸಂಸ್ಥೆಯವರು ಆ ಕೋಟೆ ಸಿಕ್ಕಿದೆ ಎಂದು ಪ್ರಕಟಿಸಿದರು. ಕಾರ್ಲೀತ್ ಪ್ರಾಥಮಿಕ ಶಾಲೆಯ ಬಳಿಯ ಹುಲ್ಲುಗಾವಲಿನ ಕೆಳಗೆ ಅದರ ಗೋಡೆಯ ಬುಡ ಇನ್ನೂ ಇತ್ತು. ಅದನ್ನು ಪತ್ತೆಹಚ್ಚಲು ಅವರು ಒಂದು ಹಿಡಿ ಮಣ್ಣನ್ನೂ ಎತ್ತಿರಲಿಲ್ಲ.

ಅಗೆದವರಿಗೆ ಸಿಗದ ಕೋಟೆ ಅಗೆಯದವರಿಗೆ ಸಿಕ್ಕಿದ್ದು ಹೇಗೆ? ಈ ವಿದ್ಯೆಯನ್ನು ನಿಧಾನವಾಗಿ ಬಿಡಿಸಿ ಹೇಳಬೇಕು. ಹುಡುಕುವ ಯಂತ್ರ ಈಚಿನದು. ಅದರ ಹಿಂದಿರುವ ತಿಳಿವಳಿಕೆಯನ್ನು ಮೂರು ನಾಲ್ಕು ತಲೆಮಾರಿನ ಜನ ಮಣ್ಣಿನ ಮುಂದೆ ಮಂಡಿಯೂರಿ ಕೂತು ಸಂಪಾದಿಸಿದ್ದಾರೆ.

ಮೊದಲು ಕಣ್ಮರೆಯಾದದ್ದು ಏನೆಂದು ನೋಡೋಣ. ಕ್ರಿ.ಶ. 142ರ ಸುಮಾರಿಗೆ ರೋಮ್ ಚಕ್ರವರ್ತಿ ಆಂಟೋನಿನಸ್ ಪಯಸ್ ತನ್ನ ಸಾಮ್ರಾಜ್ಯದ ಗಡಿಯನ್ನು ಹಿಂದಿನ ಚಕ್ರವರ್ತಿ ಹೇಡ್ರಿಯನ್ನನ ಗೋಡೆಯಿಂದ ಇನ್ನೂ ಉತ್ತರಕ್ಕೆ ಸರಿಸಿದ. ಪೂರ್ವದ ಫೋರ್ತ್ ಅಳಿವೆಯಿಂದ ಪಶ್ಚಿಮದ ಕ್ಲೈಡ್ ನದಿಯವರೆಗೆ, ಸುಮಾರು 60 ಕಿಲೋಮೀಟರ್ ಉದ್ದಕ್ಕೆ ಹೊಸ ಗೋಡೆ ಎದ್ದಿತು. ಹೇಡ್ರಿಯನ್ನನದು ಬಹುಪಾಲು ಕಲ್ಲಿನ ಗೋಡೆ. ಇದು ಹುಲ್ಲುಹೆಂಟೆಯದು. ಸುಮಾರು ನಾಲ್ಕೂವರೆ ಮೀಟರ್ ಅಗಲಕ್ಕೆ ಉರುಟುಗಲ್ಲು ಹಾಸಿ, ಎರಡೂ ಅಂಚಿಗೆ ಕೆತ್ತಿದ ಕಲ್ಲು ಕೂರಿಸಿ, ಅದರ ಮೇಲೆ ಬೇರುಸಮೇತ ಕತ್ತರಿಸಿದ ಹುಲ್ಲುಹೆಂಟೆಗಳನ್ನು ವರಸೆ ವರಸೆಯಾಗಿ ಪೇರಿಸಿದರು. ಒಂದು ಹೆಂಟೆ ಎಷ್ಟಿರಬೇಕು ಎಂಬುದಕ್ಕೂ ರೋಮನ್ ಸೇನೆಯಲ್ಲಿ ಅಳತೆಯಿತ್ತು. ಸೇನಾಶಾಸ್ತ್ರ ಬರೆದ ವೆಜೀಷಿಯಸ್ ಪ್ರಕಾರ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಅರ್ಧ ಅಡಿ ದಪ್ಪ. ಗೋಡೆಯ ಉತ್ತರಕ್ಕೆ ದೊಡ್ಡ ಕಂದಕ, ದಕ್ಷಿಣಕ್ಕೆ ಸೇನೆ ಓಡಾಡುವ ರಸ್ತೆ. ನಡುನಡುವೆ ದೊಡ್ಡ ಕೋಟೆಗಳು, ಅವುಗಳ ಮಧ್ಯೆ ಕಾರ್ಲೀತಿನಂಥ ಕಾವಲು ಠಾಣೆಗಳು. ಒಂದೊಂದು ಠಾಣೆಯಲ್ಲಿ ಹತ್ತು ಹನ್ನೆರಡು ಸೈನಿಕರು, ಅವರಿಗೆ ಎರಡು ಮರದ ಮನೆಗಳು, ಎರಡು ಬಾಗಿಲು, ಬಾಗಿಲ ಮೇಲೆ ಮರದ ಗೋಪುರ. ಕಾರ್ಲೀತಿಗೆ ಡನ್‌ಟಾಕರ್‌ನ ದೊಡ್ಡ ಕೋಟೆಯಿಂದ ಸರದಿಯ ಮೇಲೆ ಬಂದು ಇದ್ದು ಹೋಗುತ್ತಿದ್ದರು. ಹೀಗೆ ಸುಮಾರು 20 ವರ್ಷ ನಡೆಯಿತು. 160ರ ದಶಕದಲ್ಲಿ ಸೇನೆ ಮತ್ತೆ ದಕ್ಷಿಣದ ಹಳೆಯ ಗೋಡೆಗೆ ಹಿಂತಿರುಗಿತು.

ಮಣ್ಣು, ಹುಲ್ಲು, ಮರ. ಇಂಥ ಕೋಟೆ ಬೀಳುವುದಿಲ್ಲ, ಕರಗುತ್ತದೆ. ಹೆಂಟೆ ಜಾರಿ ಕಂದಕಕ್ಕೆ ಇಳಿಯುತ್ತದೆ. ಕಂಬ ಲಡ್ಡಾಗಿ ಮಣ್ಣಾಗುತ್ತದೆ. ಉಳಿದ ದಿಬ್ಬವನ್ನು ನೇಗಿಲು ಸವರಿಹಾಕುತ್ತದೆ, ಕೈಗೆಟುಕುವ ಕಲ್ಲನ್ನು ರೈತ ತನ್ನ ಬೇಲಿಗೋಡೆಗೆ ಒಯ್ಯುತ್ತಾನೆ. ಸಿಬ್ಬಾಲ್ಡ್ ನೋಡಿದ್ದು ಹಾಗೆ ಸವೆಯುತ್ತಿದ್ದ ದಿಬ್ಬವನ್ನೇ ಇರಬೇಕು.

ಆದರೆ ನೆಲದ ಮೇಲಿನದು ಹೋದರೂ ನೆಲದೊಳಗಿನದು ಹೋಗುವುದಿಲ್ಲ. ಇದೇ ಈ ಕಸುಬಿನ ಮೂಲಮಂತ್ರ. ಗುಂಡಿ ತೋಡಿ ಮತ್ತೆ ಮುಚ್ಚಿ ನೋಡಿ. ಅದೇ ಮಣ್ಣನ್ನೇ ಹಾಕಿದರೂ ಮೊದಲಿನಂತೆ ಆಗುವುದಿಲ್ಲ. ಮೇಲ್ಮಣ್ಣು ಕೆಳಕ್ಕೆ, ತಳಮಣ್ಣು ಮೇಲಕ್ಕೆ ಬಂದು ಬಣ್ಣ ಬೆರೆಯುತ್ತದೆ. ಸಾವಿರಾರು ವರ್ಷ ಕೂತು ಗಟ್ಟಿಯಾದ ನೆಲದ ನಡುವೆ ಸಡಿಲವಾದೊಂದು ತೇಪೆ ಉಳಿಯುತ್ತದೆ. ತೇವ ಹಿಡಿಯುವ ಬಗೆ ಬೇರೆಯಾಗುತ್ತದೆ, ಕಾಂತಗುಣವೂ ಬೇರೆಯಾಗುತ್ತದೆ. ನೇಗಿಲು ಎಷ್ಟು ಸಲ ಹಾದರೂ ಒಂದು ಗೇಣು, ಒಂದೂವರೆ ಗೇಣು ಆಳವಷ್ಟೇ ಕದಡುತ್ತದೆ. ಅದರ ಕೆಳಗೆ ರೋಮನ್ ಸೈನಿಕ ಗುದ್ದಲಿ ಹಾಕಿದ ಗೆರೆ ಹಾಗೆಯೇ ಇರುತ್ತದೆ.

ಈ ವ್ಯತ್ಯಾಸವನ್ನು ಮೊದಲು ತೋರಿಸಿಕೊಟ್ಟದ್ದು ಪೈರು. ನಮ್ಮ ಬಯಲುಸೀಮೆಯಲ್ಲಿ ಮುಚ್ಚಿಹೋದ ಹಳೆಯ ಹಗೇವಿನ ಜಾಗ ಮಳೆ ಕೈಕೊಟ್ಟ ವರ್ಷ ಹಸಿರಿನಿಂದಲೇ ಗುರುತು ಸಿಗುವಂತೆ, ಹೂತುಹೋದ ಕಂದಕದ ಮೇಲಿನ ಬಾರ್ಲಿಯೂ ಬೇರೆಯಾಗಿ ಕಾಣುತ್ತದೆ. ಕಂದಕದಲ್ಲಿ ಮಣ್ಣು ಆಳ, ತೇವ ಹೆಚ್ಚು. ಅಲ್ಲಿ ಪೈರು ಎತ್ತರಕ್ಕೆ ಬೆಳೆದು ತಡವಾಗಿ ಹಣ್ಣಾಗುತ್ತದೆ. ಕಲ್ಲುಹಾಸಿನ ಮೇಲೆ ಬೇರಿಗೆ ಜಾಗವಿಲ್ಲದೆ ಬೇಗ ಒಣಗುತ್ತದೆ. ಹೊಲದಲ್ಲಿ ನಿಂತವನಿಗೆ ಅದು ಬರೀ ಮಚ್ಚೆ. ವಿಮಾನದಿಂದ ನೋಡಿದವನಿಗೆ ನಾಲ್ಕು ದುಂಡು ಮೂಲೆಗಳ ಆಯ, ಅದರ ನಾಲ್ಕು ಬಾಗಿಲು, ಒಳಗಿನ ಬೀದಿ ಎಲ್ಲ ಕಾಣುತ್ತವೆ. ಮೊದಲ ಮಹಾಯುದ್ಧದ ನಂತರ ಪುರಾತತ್ತ್ವಜ್ಞ ಓ.ಜಿ.ಎಸ್. ಕ್ರಾಫರ್ಡ್ ಇದನ್ನೊಂದು ಶಾಸ್ತ್ರವಾಗಿಸಿದರು. ಎರಡನೆಯ ಯುದ್ಧದ ನಂತರ ಕೇಂಬ್ರಿಜ್‌ನ ಜೆ.ಕೆ. ಸೇಂಟ್ ಜೋಸೆಫ್ ಬೇಸಿಗೆಯಿಂದ ಬೇಸಿಗೆಗೆ ಸ್ಕಾಟ್ಲೆಂಡಿನ ಮೇಲೆ ಹಾರಾಡಿ, ಅಲ್ಲಿಯವರೆಗೆ ಯಾರಿಗೂ ಗೊತ್ತಿರದ ರೋಮನ್ ಕೋಟೆಗಳನ್ನೂ ದಂಡಿನ ಬಿಡಾರಗಳನ್ನೂ ಒಂದೊಂದಾಗಿ ಗುರುತಿಸಿದರು. ಮೂಲದಲ್ಲಿ ಅವರು ಭೂವಿಜ್ಞಾನಿ. ಯಾವ ಮಣ್ಣು ಯಾವ ವಾರ ಬಾಯಿಬಿಡುತ್ತದೆಂಬ ಅಂದಾಜು ಅವರಿಗಿತ್ತು. ಪೈರಿನ ಗುರುತು ಪ್ರತಿ ವರ್ಷವೂ ಬರುವುದಿಲ್ಲ. ಸರಿಯಾದ ಬೆಳೆ, ಸರಿಯಾದ ಬರ, ಸರಿಯಾದ ವಾರ ಮೂರೂ ಕೂಡಿಬರಬೇಕು. ಬ್ರಿಟನ್ನಿಗೆ 2018ರ ಬೇಸಿಗೆ ಅಂಥದ್ದಾಗಿತ್ತು.

ಹುಲ್ಲುಗಾವಲು ಮಾತ್ರ ಇಷ್ಟು ಉದಾರಿಯಲ್ಲ. ಕಾರ್ಲೀತಿನಂಥ ಜಾಗದಲ್ಲಿ ಬೇರೆ ಉಪಾಯ ಬೇಕು. ಅದೇ ಕಾಂತಮಾಪನ.

ಮೇಲ್ಮಣ್ಣಿನಲ್ಲಿರುವ ಕಬ್ಬಿಣದ ಅಂಶ ತಳಮಣ್ಣಿನದಕ್ಕಿಂತ ಹೆಚ್ಚು ಕಾಂತಗುಣ ಪಡೆದಿರುತ್ತದೆ. ಮನುಷ್ಯರು ಬೆಂಕಿ ಹಾಕಿದ ಕಡೆ, ಕಸ ಕೊಳೆತ ಕಡೆ ಅದು ಇನ್ನೂ ಹೆಚ್ಚು. ಫ್ರಾನ್ಸಿನ ಲ ಬಾರ್ನ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಇದನ್ನು ವಿವರಿಸಿದರು. ಶಾಖ ಮತ್ತು ಕೊಳೆಯುವಿಕೆಯಿಂದ ಮಣ್ಣಿನ ಕಬ್ಬಿಣದ ಆಕ್ಸೈಡ್‌ಗಳು ರೂಪ ಬದಲಿಸಿ ಹೆಚ್ಚು ಕಾಂತೀಯವಾಗುತ್ತವೆ. ಹಾಗಾಗಿ ಮೇಲ್ಮಣ್ಣು ತುಂಬಿಕೊಂಡ ಕಂದಕ ಸುತ್ತಲಿನ ನೆಲಕ್ಕಿಂತ ತುಸು ಬಲವಾದ ಕಾಂತಕ್ಷೇತ್ರ ತೋರುತ್ತದೆ, ಕಲ್ಲಿನ ತಳಪಾಯ ಬಹಳ ಸಲ ದುರ್ಬಲವಾದದ್ದನ್ನು ತೋರುತ್ತದೆ. ತುಸು ಎಂದರೆ ಎಷ್ಟು? ಬ್ರಿಟನ್ನಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 50,000 ನ್ಯಾನೊಟೆಸ್ಲಾ. ಹೂತ ಕಂದಕ ಅದರ ಮೇಲೆ ಸೇರಿಸುವುದು ಕೆಲವೇ ನ್ಯಾನೊಟೆಸ್ಲಾ. ಸೂರ್ಯನ ಪ್ರಭಾವದಿಂದ ಭೂಮಿಯ ಕ್ಷೇತ್ರವೇ ದಿನವೊಂದರಲ್ಲಿ ಅದಕ್ಕಿಂತ ಹೆಚ್ಚು ಏರಿಳಿಯುತ್ತದೆ.

ಇಷ್ಟು ಸಣ್ಣ ಪಿಸುಮಾತನ್ನು ಆ ಗದ್ದಲದಿಂದ ಬೇರ್ಪಡಿಸುವ ಉಪಾಯ ಸರಳವಾಗಿದೆ, ಅದಕ್ಕೇ ಸುಂದರವಾಗಿದೆ. ಒಂದೇ ಕೋಲಿಗೆ ಮೇಲೊಂದು ಕೆಳಗೊಂದು ಎರಡು ಸಂವೇದಕಗಳನ್ನು ಅರ್ಧ ಮೀಟರೋ ಒಂದು ಮೀಟರೋ ಅಂತರದಲ್ಲಿ ಕೂರಿಸುತ್ತಾರೆ. ಭೂಮಿಯ ಕ್ಷೇತ್ರ ಎರಡಕ್ಕೂ ಒಂದೇ. ನೆಲದೊಳಗಿನ ಕಂದಕ ಮಾತ್ರ ಕೆಳಗಿನದಕ್ಕೆ ಹತ್ತಿರ, ಮೇಲಿನದಕ್ಕೆ ದೂರ. ಒಂದರಿಂದ ಇನ್ನೊಂದನ್ನು ಕಳೆದರೆ ಭೂಮಿಯೂ ಸೂರ್ಯನೂ ಲೆಕ್ಕದಿಂದ ಬಿಟ್ಟುಹೋಗಿ ಕಂದಕವೊಂದೇ ಉಳಿಯುತ್ತದೆ. ಈ ಉಪಕರಣದ ಹೆಸರು ಗ್ರೇಡಿಯೊಮೀಟರ್. ಪುರಾತತ್ತ್ವದಲ್ಲಿ ಕಾಂತಮಾಪನಕ್ಕೆ ದಾರಿ ತೆರೆದವರು ಆಕ್ಸ್‌ಫರ್ಡಿನ ಮಾರ್ಟಿನ್ ಏಟ್ಕನ್. 1958ರಲ್ಲಿ ವಾಟರ್ ನ್ಯೂಟನ್ ಎಂಬಲ್ಲಿ, ಹೆದ್ದಾರಿ ಕೆಲಸಕ್ಕೆ ಸಿಕ್ಕಿ ನಾಶವಾಗುವ ಮೊದಲೇ ರೋಮನ್ ಕುಂಬಾರರ ಆವಿಗೆಯನ್ನು ಅವರು ಕಾಂತಮಾಪನದಿಂದ ಪತ್ತೆ ಮಾಡಿದ್ದರು.

ಯಂತ್ರ ಕೈಲಿದ್ದರೆ ಸಾಲದು, ನಡೆಯಲು ಬರಬೇಕು. ಹೊಲವನ್ನು ಗೂಟ ಹೊಡೆದು 20 ಅಥವಾ 30 ಮೀಟರ್‌ನ ಚೌಕಗಳಾಗಿ ವಿಂಗಡಿಸುತ್ತಾರೆ. ಒಂದು ಮೀಟರ್, ಕೆಲವೊಮ್ಮೆ ಅರ್ಧ ಮೀಟರ್ ಅಂತರದಲ್ಲಿ ಹಗ್ಗ ಹಾಸಿ, ಆ ಗೆರೆಯ ಮೇಲೆ ಒಂದೇ ವೇಗದಲ್ಲಿ, ಕೋಲು ವಾಲದಂತೆ, ಇಡೀ ದಿನ ಹೋಗಿ ಬಂದು ಮಾಡಬೇಕು. ಹೆಜ್ಜೆ ತಪ್ಪಿದರೆ ಚಿತ್ರದಲ್ಲಿ ಗೋಡೆ ಹಲ್ಲುಹಲ್ಲಾಗಿ ಮೂಡುತ್ತದೆ. ಮೈಮೇಲೆ ಕಬ್ಬಿಣವಿರಕೂಡದು. ಬೆಲ್ಟಿನ ಬಕಲು, ಬೂಟಿನ ಲೋಹದ ಕಣ್ಣು, ಬೀಗದ ಕೈ, ಫೋನು ಎಲ್ಲವನ್ನೂ ತೆಗೆದಿಟ್ಟು ಬರಬೇಕು. ತಂತಿಬೇಲಿ, ನೀರಿನ ಪೈಪು, ನಿಲ್ಲಿಸಿದ ಕಾರು ಹತ್ತಿರವಿದ್ದರೆ ಅಷ್ಟು ಭಾಗ ಹಾಳು. ಊರಂಚಿನ ಹೊಲದಲ್ಲಿ, ಶಾಲೆ ಮನೆಗಳ ನಡುವೆ ಈ ಕೆಲಸ ಮಾಡಿ ಗೋಡೆಯ ಬುಡವನ್ನು ಎತ್ತಿ ತೋರಿಸುವುದಕ್ಕೆ ಎಷ್ಟು ತಾಳ್ಮೆ ಬೇಕೆಂದು ಇದರಿಂದ ಊಹಿಸಬಹುದು.

ಎಲ್ಲಿ ನಡೆಯಬೇಕೆಂಬುದನ್ನೂ ಯಂತ್ರ ಹೇಳುವುದಿಲ್ಲ. ಅದಕ್ಕೆ ರೋಮನ್ ಎಂಜಿನಿಯರನ ತಲೆಯೊಳಗೆ ಇಳಿಯಬೇಕು. 1975ರಲ್ಲಿ ಪುರಾತತ್ತ್ವಜ್ಞ ಜಾನ್ ಗಿಲಮ್ ಒಂದು ಊಹೆ ಮುಂದಿಟ್ಟರು. ಮೊದಲ ಯೋಜನೆಯಲ್ಲಿ ಈ ಗೋಡೆಗೆ ಆರು ದೊಡ್ಡ ಕೋಟೆಗಳು, ನಡುವೆ ಮೈಲಿಗೊಂದರಂತೆ ಠಾಣೆಗಳು ಇದ್ದಿರಬೇಕು, ಉಳಿದ ಕೋಟೆಗಳೆಲ್ಲ ಆಮೇಲೆ ಸೇರಿದವು ಎಂದು ಅವರ ವಾದ. ರೋಮನ್ ಮೈಲಿ ಸುಮಾರು 1,480 ಮೀಟರ್. ಆ ಲೆಕ್ಕ ಹಿಡಿದು ನಕ್ಷೆಯ ಮೇಲೆ ಅಳೆದು ಹುಡುಕಿದಾಗ, ಮುಂದಿನ ಕೆಲವೇ ವರ್ಷಗಳಲ್ಲಿ ಸೀಬೆಗ್ಸ್ ವುಡ್, ಕಿನೀಲ್ ಮುಂತಾದ ಕಡೆ ಠಾಣೆಗಳು ಸಿಕ್ಕವು. ಗೋಡೆಯುದ್ದಕ್ಕೆ 41ರಷ್ಟು ಠಾಣೆಗಳು ಇದ್ದಿರಬಹುದು. ಈವರೆಗೆ ಸಿಕ್ಕವುಗಳಲ್ಲಿ ಕಾರ್ಲೀತಿನದು ಹತ್ತನೆಯದು.

ಅದನ್ನು ತಕ್ಷಣ ಅಗೆಯಲು ಹೋಗದೆ ಇದ್ದದ್ದನ್ನು ನಾನು ಈ ಕಸುಬಿನ ಪ್ರೌಢತೆ ಎಂದೇ ಕಾಣುತ್ತೇನೆ. ಉತ್ಖನನ ಒಂದು ಬಗೆಯ ನಾಶ. ತೆಗೆದ ಪದರವನ್ನು ಮತ್ತೆ ಹಾಕಲಾಗದು. ಅದಕ್ಕೇ ಅಗೆಯುವಾಗಿನ ಶಿಸ್ತು ಅಷ್ಟು ಕಟ್ಟುನಿಟ್ಟು.

ಕಂಬದ ಗುಂಡಿಯೊಂದನ್ನು ಪುರಾತತ್ತ್ವಜ್ಞರು ಹೇಗೆ ತೆರೆಯುತ್ತಾರೆ ನೋಡಿ. ಮೇಲ್ಮಣ್ಣು ತೆಗೆದು ತಳಮಣ್ಣಿನ ಮೈಯನ್ನು ಕರಣೆಯ ಅಂಚಿನಿಂದ ಒಂದೇ ಸಮನೆ ಕೆರೆಯುತ್ತಾರೆ. ಹಳದಿ ನೆಲದಲ್ಲಿ ಕಂದು ವೃತ್ತವೊಂದು ಮೂಡುತ್ತದೆ. ಒಣಗಿದರೆ ಬಣ್ಣ ಮಾಸುತ್ತದೆ, ಆಗ ಸಣ್ಣಗೆ ನೀರು ಚಿಮುಕಿಸಿದರೆ ಮತ್ತೆ ಕಾಣುತ್ತದೆ. ವೃತ್ತದ ಅರ್ಧವನ್ನಷ್ಟೇ ಅಗೆದು, ಉಳಿದರ್ಧವನ್ನು ಗೋಡೆಯಂತೆ ನಿಲ್ಲಿಸಿಕೊಂಡು ಅದರ ಸೀಳುಮುಖವನ್ನು ಓದುತ್ತಾರೆ. ಕಂಬ ನಿಂತಲ್ಲೇ ಲಡ್ಡಾಗಿದ್ದರೆ ಗುಂಡಿಯ ನಡುವೆ ನೆಟ್ಟಗೆ ಕಪ್ಪು ಪಟ್ಟಿ ಇರುತ್ತದೆ, ಅದರ ಸುತ್ತ ಆಧಾರಕ್ಕೆ ತುರುಕಿದ ಕಲ್ಲುಗಳಿರುತ್ತವೆ. ಸುಟ್ಟಿದ್ದರೆ ಇದ್ದಿಲು, ಕೆಂಪಾದ ಮಣ್ಣು. ಅಲ್ಲಾಡಿಸಿ ಕಿತ್ತಿದ್ದರೆ ಗುಂಡಿಯ ಬಾಯಿ ಒಂದು ಕಡೆಗೆ ಹರಿದು ಅಗಲವಾಗಿರುತ್ತದೆ. ಹಳೆಯ ಕಂಬ ತೆಗೆದು ಹೊಸದು ನೆಟ್ಟಿದ್ದರೆ ಎರಡನೆಯ ಗುಂಡಿಯ ಗೆರೆ ಮೊದಲನೆಯದನ್ನು ಕತ್ತರಿಸಿಕೊಂಡು ಹೋಗಿರುತ್ತದೆ. ಯಾವ ಗೆರೆ ಯಾವುದನ್ನು ಕತ್ತರಿಸಿದೆ ಎಂಬುದೇ ಕಾಲಕ್ರಮ. ಹುಲ್ಲುಹೆಂಟೆಯ ಗೋಡೆಯನ್ನು ಸೀಳಿ ನೋಡಿದರೆ ಇನ್ನೂ ಚೆಂದ. ಕೊಳೆತ ಹುಲ್ಲು ತೆಳು ಕಪ್ಪುಗೆರೆಯಾಗಿ, ನಡುವಿನ ಮಣ್ಣು ಬೂದು ಪಟ್ಟಿಯಾಗಿ ಉಳಿದು, 1,800 ವರ್ಷದ ಹಿಂದೆ ಕತ್ತರಿಸಿದ ಹೆಂಟೆಗಳನ್ನು ಒಂದೊಂದಾಗಿ ಎಣಿಸಬಹುದು.

ಈ ಓದನ್ನು ಅತ್ಯುನ್ನತ ಮಟ್ಟಕ್ಕೆ ಒಯ್ದದ್ದು ಇಂಚ್‌ಟುಥಿಲ್ ಎಂಬಲ್ಲಿ. ಪರ್ತ್‌ಷೈರ್‌ನಲ್ಲಿ ಟೇ ನದಿಯ ಪಕ್ಕದ ಎತ್ತರದ ಬಯಲು ಅದು. ಆಂಟೋನಿನಸ್ಸನ ಗೋಡೆಗಿಂತ ಅರ್ಧ ಶತಮಾನಕ್ಕೂ ಹಿಂದೆ, ಕ್ರಿ.ಶ. 83ರ ಸುಮಾರಿಗೆ, ಲೀಜನ್ ಎಂಬ ಇಡೀ ಮಹಾಪಡೆಗಾಗಿ ರೋಮನ್ನರು ಇಲ್ಲಿ 53 ಎಕರೆಯ ಕೋಟೆ ಕಟ್ಟಿದರು. ಪೂರ್ತಿ ಮುಗಿಯುವ ಮೊದಲೇ, ಮೂರು ನಾಲ್ಕು ವರ್ಷದೊಳಗೆ, ತಾವೇ ಕಳಚಿ ಹೊರಟುಹೋದರು. ಪುರಾತತ್ತ್ವಜ್ಞ ಇಯಾನ್ ರಿಚ್ಮಂಡ್ ಮತ್ತು ಸೇಂಟ್ ಜೋಸೆಫ್ 1952ರಿಂದ 1965ರವರೆಗೆ ಇಲ್ಲಿ ಕೆಲಸ ಮಾಡಿದರು. ಅಷ್ಟು ಜಾಗವನ್ನು ಪೂರ್ತಿ ಅಗೆಯಲು ಹಣವೂ ಇರಲಿಲ್ಲ, ಜನವೂ ಇರಲಿಲ್ಲ. ರಿಚ್ಮಂಡ್ ಅವರಿಗೆ ರೋಮನ್ ಕೋಟೆಗಳ ವಿನ್ಯಾಸ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ಸಾಲುಮನೆಯ ಮೂಲೆ ಎಲ್ಲಿ ಬರಬೇಕು, ಕಣಜದ ಗೋಡೆ ಎಲ್ಲಿ ಹಾಯಬೇಕು ಎಂದು ಮೊದಲೇ ಲೆಕ್ಕ ಹಾಕಿ, ಅಲ್ಲಷ್ಟೇ ಇಕ್ಕಟ್ಟಾದ ಕಾಲುವೆ ತೋಡಿಸುತ್ತಿದ್ದರು. ಮರಗೋಡೆ ನಿಲ್ಲಿಸಲು ರೋಮನ್ನರು ತೋಡಿದ್ದ ಸಾಲು ಆ ಕಾಲುವೆಗೆ ಅಡ್ಡ ಸಿಕ್ಕರೆ ಲೆಕ್ಕ ಸರಿ. ಹೀಗೆ ಒಂದೊಂದು ಗೆರೆ ಕೂಡಿಸಿ ಸೈನಿಕರ 64 ಸಾಲುಮನೆ, ಆಸ್ಪತ್ರೆ, ಕಣಜಗಳು, ಕಾರ್ಯಾಗಾರ ಎಲ್ಲದರ ನಕ್ಷೆ ಬರೆದರು. ಸೇನಾಪತಿಯ ಮನೆಗೆ ಜಾಗ ಬಿಟ್ಟಿದ್ದರೂ ಕಟ್ಟಿರಲಿಲ್ಲ ಎಂಬುದನ್ನೂ ಕಂಡುಕೊಂಡರು. ಇಲ್ಲದ್ದು ಇಲ್ಲ ಎಂದು ಖಚಿತವಾಗಿ ಹೇಳುವುದು ಇರುವುದನ್ನು ಕಾಣುವುದಕ್ಕಿಂತ ಕಷ್ಟ. ಹಾಗಾಗಿ ರಿಚ್ಮಂಡ್ ಅವರ ಕೆಲಸದಲ್ಲಿ ನನಗೆ ಅತಿ ಹೆಚ್ಚು ಗೌರವ ಮೂಡಿಸುವುದು ಆ ಖಾಲಿ ಜಾಗದ ಮಾತೇ.

ಕೋಟೆಯನ್ನು ಶತ್ರು ಸುಡಲಿಲ್ಲ, ರೋಮನ್ನರೇ ಕಳಚಿದರು ಎಂದು ಹೇಗೆ ತಿಳಿಯಿತು? ಕಂಬ ಕಿತ್ತ ಗುರುತುಗಳಿದ್ದವು. ಹಲಗೆಯಿಂದ ಎಳೆದು ಬಾಗಿದ ಮೊಳೆಗಳಿದ್ದವು. ಗಾಜು, ಮಡಕೆಗಳನ್ನು ಬೇಕೆಂದೇ ಪುಡಿಮಾಡಿ ಹಾಕಿದ್ದರು. ಕಾರ್ಯಾಗಾರದ ನೆಲದಲ್ಲಿ ಆಳದ ಗುಂಡಿ ತೋಡಿ, ಹೊಸ ಮೊಳೆಗಳನ್ನು ಸುರಿದು, ಮೇಲೆ ಜಲ್ಲಿ ತುಂಬಿ ಮುಚ್ಚಿದ್ದರು. ಎತ್ತಿ ಎಣಿಸಿದಾಗ ಅವು ಸುಮಾರು 8,75,000. ಏಳು ಟನ್ ಕಬ್ಬಿಣ. ಹೊರಪದರದ ಮೊಳೆಗಳು ತುಕ್ಕು ಹಿಡಿದು ಒಂದೇ ಗಟ್ಟಿ ಚಿಪ್ಪಾಗಿ ಒಳಗಿನವನ್ನು ಕಾಪಾಡಿದ್ದವು. ಒಳಗಿನ ಎಷ್ಟೋ ಮೊಳೆಗಳು ನಿನ್ನೆ ಬಡಿದಂತಿದ್ದವು. ಹೊತ್ತೊಯ್ಯಲಾಗದ ಕಬ್ಬಿಣ ಆಯುಧವಾಗಿ ತಮ್ಮ ಮೇಲೆಯೇ ತಿರುಗದಿರಲಿ ಎಂದು ಹೀಗೆ ಹೂತರೆಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಕಾಲ ಹೇಳಿದ್ದು ನಾಣ್ಯ. ಡೊಮಿಷಿಯನ್ ಚಕ್ರವರ್ತಿಯ 86, 87ರ ತಾಮ್ರದ ನಾಣ್ಯಗಳು ಕೈಯಿಂದ ಕೈಗೆ ಹೋಗಿ ಸವೆಯುವ ಮೊದಲೇ ಇಲ್ಲಿ ಬಿದ್ದಿದ್ದವು. ಅದೇ ಹೊತ್ತಿಗೆ ಡಾನ್ಯೂಬ್ ಗಡಿಯಲ್ಲಿ ಡೇಸಿಯನ್ನರ ಜೊತೆ ಯುದ್ಧ ಹತ್ತಿಕೊಂಡು, ಬ್ರಿಟನ್ನಿನಿಂದ ಒಂದು ಲೀಜನ್ನನ್ನು ಆ ಕಡೆಗೆ ಕರೆಸಿಕೊಳ್ಳಲಾಗಿತ್ತು.

ರೋಮನ್ ಕೋಟೆ ಅಗೆದು ಕಲಿತ ಈ ವಿದ್ಯೆ ಕರ್ನಾಟಕಕ್ಕೂ ಬಂದಿದೆ. ಮಾರ್ಟಿಮರ್ ವೀಲರ್ 1920ರ ದಶಕದಲ್ಲಿ ವೇಲ್ಸ್‌ನ ಸೆಗಾಂಟಿಯಂ ಮತ್ತು ಬ್ರೆಕನ್ ಗೇರ್ ಎಂಬ ರೋಮನ್ ಕೋಟೆಗಳನ್ನು ಅಗೆದು ಕೈ ಪಳಗಿಸಿಕೊಂಡವರು. ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿ 1947ರಲ್ಲಿ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಉತ್ಖನನ ಮಾಡಿದರು. ಚಂದ್ರವಳ್ಳಿಯನ್ನು ಅದಕ್ಕೂ ಮೊದಲೇ ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಗೆದಿದ್ದರು. ಅಲ್ಲಿ ಸಿಕ್ಕ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಶಾತವಾಹನರ ಕಾಲದ ಪದರಕ್ಕೆ ವರ್ಷ ಕಟ್ಟಲು ನೆರವಾಯಿತು. ಇಂಚ್‌ಟುಥಿಲ್‌ನಲ್ಲಿ ಡೊಮಿಷಿಯನ್ನನ ನಾಣ್ಯ ಮಾಡಿದ ಕೆಲಸವನ್ನೇ ಚಂದ್ರವಳ್ಳಿಯಲ್ಲಿ ಟೈಬೀರಿಯಸ್ಸನದು ಮಾಡಿತು. ವಿಧಾನವೂ ಅದೇ: ನಾಣ್ಯ ಸಿಕ್ಕಿತೆಂಬುದು ಮುಖ್ಯವಲ್ಲ, ಯಾವ ಪದರದಲ್ಲಿ ಸಿಕ್ಕಿತು ಎಂಬುದು ಮುಖ್ಯ.

ಮಣ್ಣಿನ ಈ ಓದು ಕೆಲವೊಮ್ಮೆ ಪುಸ್ತಕದ ಓದಿಗೇ ಎದುರಾಗಿ ನಿಲ್ಲುತ್ತದೆ. ಸ್ಕಾಟ್ಲೆಂಡಿನ ಮೊದಲ ರೋಮನ್ ಆಕ್ರಮಣದ ಕಥೆ ನಮಗೆ ಬಂದದ್ದು ಮುಖ್ಯವಾಗಿ ಟ್ಯಾಸಿಟಸ್ ಎಂಬ ಇತಿಹಾಸಕಾರನಿಂದ. ಅವನು ಬರೆದದ್ದು ಬ್ರಿಟನ್ನಿನ ಗವರ್ನರನಾಗಿದ್ದ ತನ್ನ ಮಾವ ಅಗ್ರಿಕೋಲನ ಚರಿತ್ರೆ. ಉತ್ತರವನ್ನು ಗೆದ್ದ ಕೀರ್ತಿಯೆಲ್ಲ ಅದರಲ್ಲಿ ಮಾವನದೇ. ಆ ಲೆಕ್ಕದಂತೆ ಪರ್ತ್‌ನ ಪಶ್ಚಿಮಕ್ಕೆ ಗ್ಯಾಸ್ಕ್ ದಿಣ್ಣೆಯ ಮೇಲೆ ಸಾಲಾಗಿ ನಿಂತ ರೋಮನ್ ಕಾವಲು ಗೋಪುರಗಳಿಗೆ ಸಿಗುವ ಆಯುಷ್ಯ ಕೆಲವೇ ವರ್ಷ. ಗೋಪುರ ಎಂದರೆ ಏನು? ನಾಲ್ಕು ಕಂಬ, ಸುತ್ತ ಒಂದು ಕಂದಕ. ಉಳಿದದ್ದು ನಾಲ್ಕು ಗುಂಡಿಗಳು. ಪುರಾತತ್ತ್ವಜ್ಞರಾದ ಡೇವಿಡ್ ವುಲಿಸ್‌ಕ್ರಾಫ್ಟ್ ಮತ್ತು ಬಿರ್ಗಿಟಾ ಹಾಫ್‌ಮನ್ ಆ ಗುಂಡಿಗಳನ್ನು ಅರ್ಧರ್ಧ ತೆರೆದು ನೋಡಿದಾಗ ಕೆಲವು ಗೋಪುರಗಳಲ್ಲಿ ಕಂಬ ಬದಲಾಯಿಸಿ ಮತ್ತೆ ಕಟ್ಟಿದ ಗುರುತು ಕಂಡಿತು. ದಪ್ಪ ಕಂಬ ನೆಲದಲ್ಲಿ ಲಡ್ಡಾಗಲು ಎರಡು ಮೂರು ವರ್ಷ ಸಾಲುವುದಿಲ್ಲ. ಹಾಗಿದ್ದರೆ ರೋಮನ್ನರು ಇಲ್ಲಿ ಅಗ್ರಿಕೋಲನಿಗಿಂತ ಮೊದಲೇ, 70ರ ದಶಕದಲ್ಲೇ ಬಂದಿರಬೇಕು ಎಂದು ಅವರು ವಾದಿಸಿದರು. ದಕ್ಷಿಣದ ಕಾರ್ಲೈಲ್‌ನ ಮರದ ಕೋಟೆ ಈ ವಾದಕ್ಕೆ ಬಲ ಕೊಟ್ಟಿತು. ಅದಕ್ಕೆ ಬಳಸಿದ ಮರವನ್ನು ಕಡಿದದ್ದು ಕ್ರಿ.ಶ. 72-73ರ ಚಳಿಗಾಲದಲ್ಲಿ ಎಂದು ಮರದ ವರ್ಷದುಂಗುರಗಳನ್ನು ಎಣಿಸಿದವರು ತೋರಿಸಿದ್ದರು. ಅಗ್ರಿಕೋಲ ಗವರ್ನರನಾಗಿ ಬಂದದ್ದು ಅದಾದ ಮೇಲೆ. ಕಂಬ ಎರಡನೆಯ ಸಲ ನೆಟ್ಟದ್ದು ಲಡ್ಡಾಗಿದ್ದಕ್ಕೋ, ಗಾಳಿಗೆ ಬಿದ್ದದ್ದಕ್ಕೋ, ಗೋಪುರವನ್ನೇ ದೊಡ್ಡದು ಮಾಡಿದ್ದಕ್ಕೋ ಎಂದು ವಿದ್ವಾಂಸರು ಇನ್ನೂ ಗುಂಡಿ ಗುಂಡಿಗೂ ಚರ್ಚಿಸುತ್ತಿದ್ದಾರೆ, ಸೀಳುಮುಖದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಬಣ್ಣ ಬದಲಾದ ನಾಲ್ಕಾರು ಅಂಗುಲ ಮಣ್ಣಿನ ಮೇಲೆ ಬೆರಳಿಟ್ಟು.